ಚಿಲಕಕ್ಕೆ ತೂಗಿದ ಪದಕ

ಮಾರ್ಚ್ ೨, ಭಾನುವಾರ

ಕೂಸು ಈಗ ತಾನೇ ಮಲಗಿದೆ. ಹೀಗೆಂದು ಬರೆದವಳು ಪೆನ್ನು ಕೆಳಗಿಟ್ಟು ಹೋಗಿ ನೋಡಿ ಬಂದೆ. ಉಸಿರಾಡುತ್ತಿದೆ.

ನೋಡುವುದು ಹೇಗೆ ಎಂಬುದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯಬಹುದು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬಾಣಂತನಕ್ಕೆಂದು ರಜೆ ಹಾಕಿ ಬರುವಾಗ ಪರೀಕ್ಷೆಯ ಗಾಜೊಂದು ಕೋಟಿನ ಜೇಬಿನಲ್ಲಿ ಉಳಿದುಬಿಟ್ಟಿತ್ತು. ಅದನ್ನು ಕೂಸಿನ ಮೂಗಿನ ಹತ್ತಿರ ಹಿಡಿಯುತ್ತೇನೆ. ಗಾಜಿನ ಮೇಲೆ ಮಂಜು ಕೂತರೆ ನಾನೂ ಹೋಗಿ ಕೂರುತ್ತೇನೆ. ಮಂಜು ಆರುವಷ್ಟರಲ್ಲಿ ಮತ್ತೆ ಅನುಮಾನ ಶುರು. ಹುಟ್ಟಿ ಮೂರೂವರೆ ತಿಂಗಳಾಯಿತು, ಹೀಗೇ ನಡೆದಿದೆ. ಇಷ್ಟು ದಿನ ಚೆನ್ನಾಗಿ ಉಸಿರಾಡಿದ ಮಗು ಇನ್ನು ಮುಂದೆಯೂ ಉಸಿರಾಡುತ್ತದೆ ಎಂದು ಡಾಕ್ಟರು ನಗುತ್ತಾ ಹೇಳಿದರು. ಅವರಿಗೇನು, ನಗಬಹುದು, ರಾತ್ರಿ ಮಲಗಿ ಎದ್ದು ಬಂದಿರುತ್ತಾರೆ.

ಅಂಗಡಿಯ ಯಜಮಾನರು ಫೋನ್ ಮಾಡಿದ್ದರು. "ಏಪ್ರಿಲ್ ಒಂದಕ್ಕೆ ಬರ್ತೀಯೋ ಇಲ್ವೋ, ಖಂಡಿತ ಹೇಳಿಬಿಡಮ್ಮ. ನಿನ್ನ ಕುರ್ಚಿಗೆ ಇನ್ನೊಬ್ಬರು ಆಗಲೇ ಟವೆಲ್ ಹಾಕಿಟ್ಟಿದಾರೆ." ಬರುತ್ತೇನೆ ಎಂದೆ. ಆ ಕುರ್ಚಿ ನನಗೆ ಬೇಕು. ಮಸುಕಾಗಿದ್ದ ಅಕ್ಷರ ಗಾಜು ಬದಲಾಯಿಸಿದ ಕೂಡಲೇ ಎದ್ದು ಕಂಡಾಗ ಜನ "ಹಾಂ!" ಎನ್ನುತ್ತಾರಲ್ಲ, ಅದನ್ನು ಕೇಳದೆ ನನಗೆ ಬದುಕು ಸಪ್ಪೆ. ಆದರೆ ಕೂಸನ್ನು ಬಿಟ್ಟು ಪಕ್ಕದ ಕೋಣೆಗೆ ಹೋಗಲಾರದವಳು ಅಂಗಡಿಗೆ ಹೇಗೆ ಹೋಗಲಿ?

ಇನ್ನು ನನ್ನ ಗಂಡ. ಇವರು ಬೇಕರಿಯ ಒಲೆ ನೋಡಿಕೊಳ್ಳುವವರು. ಬೆಳಕಾಗುವ ಮೊದಲೇ ಹೋಗಿಬಿಡುತ್ತಾರೆ. ಹಾಗಾಗಿ ನಾಳೆ ಅತ್ತೆ ಬರುತ್ತಿದ್ದಾರೆ, ಇನ್ನು ಇಲ್ಲೇ ಇರುತ್ತಾರೆ. ಅದೇ ನನ್ನ ಹೊಸ ಹೆದರಿಕೆ. ಅತ್ತೆ ನೌಕಾಪಡೆಯ ಹಡಗಿನ ಇಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದವರು. ಎದೆಯ ಮೇಲೆ ಸೇವಾ ಪದಕ ಧರಿಸಿದವರು. ಇವರನ್ನು ಹೆತ್ತದ್ದು ಅತ್ತೆ, ಸಾಕಿದ್ದು ಪೂರ್ತಿ ಮಾವ. ಮಾವ ಈಗಿಲ್ಲ. ಕೂಸಿಗೆ ಅಂಗಿಯ ಗುಂಡಿ ಹಾಕಲು ಬರುತ್ತದೋ ಇಲ್ಲವೋ ಗೊತ್ತಿಲ್ಲದವರ ಕೈಗೆ ನನ್ನ ಕೂಸು!

ನೋಡಿ ಬಂದೆ. ಮಂಜು ಕೂತಿತು.

ಮಾರ್ಚ್ ೪, ಮಂಗಳವಾರ

ನಿನ್ನೆ ಬಂದರು. ಉದ್ದನೆಯ ಕ್ಯಾನ್ವಾಸ್ ಚೀಲವೊಂದೇ, ಅದೂ ಹೆಗಲ ಮೇಲೆ. ಮೆಟ್ಟಿಲ ಬುಡದಲ್ಲಿ ಅಂಗಡಿ ಇಟ್ಟಿರುವ ಟೈಲರಣ್ಣ "ಕೊಡೀಮ್ಮ, ನಾನು ತರ್ತೀನಿ" ಎಂದರಂತೆ. "ನಿಮ್ಮ ಸೊಂಟ ಉಳಿಸಿಕೊಳ್ಳಿ, ಮುಂದೆ ಬೇಕಾಗತ್ತೆ" ಎಂದು ಅತ್ತೆ ದಡದಡನೆ ಹತ್ತಿ ಬಂದರಂತೆ. ಟೈಲರಣ್ಣನಿಗೆ ಅತ್ತೆಗಿಂತ ಹತ್ತು ವರ್ಷ ಕಡಿಮೆ.

ಅವರನ್ನು ಕಂಡದ್ದೇ ಕೂಸು ಕಿಟಾರನೆ ಕಿರುಚಿತು. ನನಗೆ ನಾಚಿಕೆಯಾಯಿತು. ಅತ್ತೆ ಮಾತ್ರ ಕಿವಿಗೊಟ್ಟು ಕೇಳಿ, "ಭೇಷ್, ಸೈರನ್ ಒಳ್ಳೆ ಕಂಡೀಷನ್ನಲ್ಲಿದೆ" ಎಂದರು. ಆ ಗಳಿಗೆಯಿಂದ ಅವರ ಬಾಯಲ್ಲಿ ಕೂಸಿನ ಹೆಸರು ಸೈರನ್.

ಚೀಲದಿಂದ ಹೊರಬಂದದ್ದು ನಾಲ್ಕು ಜೊತೆ ಬಟ್ಟೆ, ಟಾರ್ಚು, ಕಬ್ಬಿಣ ಉಜ್ಜುವ ಅರದ ಪೆಟ್ಟಿಗೆ, ಒಂದು ಸೋಪಿನ ಡಬ್ಬಿ. ಇವರು ಡಬ್ಬಿಯ ಕಡೆ ಕೈ ಚಾಚಿದರು. "ಮುಟ್ಟಬೇಡ" ಎಂದರು ಅತ್ತೆ, ತಲೆಯೆತ್ತಿಯೂ ನೋಡದೆ. ಮೂವತ್ತೆರಡು ವರ್ಷದ ಗಂಡಸು ಕೈ ಹಿಂದಕ್ಕೆಳೆದುಕೊಂಡರು. ಅದರೊಳಗೆ ಪದಕ ಇದೆಯಂತೆ. ಚಿಕ್ಕವರಿದ್ದಾಗ ಒಮ್ಮೆ ಅದನ್ನು ಅಂಗಿಗೆ ಚುಚ್ಚಿಕೊಂಡು ಬೀದಿಗೆ ಆಡಲು ಹೋಗಿ ಬೆನ್ನಿಗೆ ಸರಿಯಾಗಿ ತಿಂದಿದ್ದರಂತೆ.

ಇವತ್ತು ಬೆಳಿಗ್ಗೆ ಕೂಸನ್ನು ಎತ್ತಿಕೊಳ್ಳಲಿ ಎಂದು ನಾನು ಕೈ ನೀಡಿದೆ. ಅತ್ತೆ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

"ವರದಿ ಕೊಡು."

"ಯಾವ ವರದಿ ಅತ್ತೆ?"

"ಕಾವಲು ಬದಲಾಯಿಸೋವಾಗ ಕೊಡೋದು. ನಾನು ಸುಮ್ನೆ ಕಿತ್ತುಕೊಳ್ಳಲ್ಲ, ನೀನೂ ಸುಮ್ನೆ ಕೊಡೋ ಹಾಗಿಲ್ಲ. ಹೊಟ್ಟೆ ಹೇಗಿದೆ, ಬಟ್ಟೆ ಹೇಗಿದೆ, ಮೈ ಬಿಸಿ ಇದೆಯಾ, ವಿಶೇಷ ಏನಾದ್ರೂ ಇದೆಯಾ. ಮುಗೀತು. ಆಗ ನಾನು 'ಕಾವಲು ನನ್ನದು' ಅಂತೀನಿ. ನೀನು ಜಾಗ ಖಾಲಿ ಮಾಡಿ ಹೋಗಿ ಮಲಗ್ತೀಯ. ಕಾವಲು ಇಳಿದವರು ಅಲ್ಲೇ ಸುಳಿದಾಡಬಾರದು. ಹಡಗಲ್ಲಿ ಅದು ತಪ್ಪು."

ನಾನು ಶುರು ಮಾಡಿದೆ. ಹುಟ್ಟಿದಾಗ ಎಷ್ಟು ತೂಕವಿತ್ತು, ಆಮೇಲೆ ಬಂದ ಕಾಮಾಲೆ, ಮೊದಲ ವಾರದ ಬಿಕ್ಕಳಿಕೆ...

"ಹಡಗು ಕಟ್ಟಿದ ಕಥೆ ಬೇಡಮ್ಮ. ಇಂಜಿನ್ ಈಗ ಹೇಗಿದೆ ಹೇಳು. ನೀನು ರಾತ್ರಿ ಮಲಗಿದ್ದೆಯಾ?"

"ಹೂಂ, ಮಲಗಿದ್ದೆ."

ಅತ್ತೆ ನನ್ನ ಮುಖವನ್ನು ದಿಟ್ಟಿಸಿದರು. "ಸುಳ್ಳು ವರದಿ ಕೊಟ್ಟವರನ್ನ ಮುಂದಿನ ಬಂದರಲ್ಲೇ ಇಳಿಸಿಬಿಡ್ತಾರೆ. ನನ್ನ ಇಡೀ ಸರ್ವೀಸಲ್ಲಿ ನಾನು ಒಂದೂ ಸುಳ್ಳು ವರದಿ ಕೊಟ್ಟಿಲ್ಲ, ತಿಳ್ಕೋ."

ಕೊಡಲಿಲ್ಲ. ಕೂಸನ್ನು ನಾನೇ ಇಟ್ಟುಕೊಂಡೆ.

ಮಾರ್ಚ್ ೫

ಕೊಟ್ಟೆ. "ಕಾವಲು ನನ್ನದು" ಎಂದರು. ಕೋಣೆಗೆ ಹೋಗಿ ಬಾಗಿಲ ಹಿಂದೆ ನಿಂತುಕೊಂಡೆ. "ಬಾಗಿಲ ಕೆಳಗಡೆ ನಿನ್ನ ಪಾದ ಕಾಣ್ತಿದೆ" ಎಂದರು. ವಾಪಸ್ ಇಸಿದುಕೊಂಡೆ.

ಮಾರ್ಚ್ ೮, ಶನಿವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮಧ್ಯಾಹ್ನ ತೊಟ್ಟಿಲು ತೂಗುತ್ತಿದ್ದೆ. ಬಾಯಲ್ಲಿ ಏನೋ ಒಂದು ಹಾಡು. ಇವರು ಕೆಲಸದಿಂದ ಬಂದರು, ಕಿವಿಯಲ್ಲೆಲ್ಲ ಹಿಟ್ಟು. ಬಾಗಿಲಲ್ಲೇ ನಿಂತು ನೋಡಿ, "ಏನೇ ಇದು, ಕಂಬಳಿಗೂ ಜೋಗುಳಾನಾ?" ಎಂದು ನಕ್ಕರು. ತೊಟ್ಟಿಲಲ್ಲಿ ಮಡಿಸಿದ ಕಂಬಳಿ ಇತ್ತು. ಕೂಸು ಹಾಸಿಗೆಯ ಮೇಲಿತ್ತು, ಗೋಡೆಯ ಕಡೆಗೆ, ಸುಮ್ಮನೆ ಕಣ್ಣು ಬಿಟ್ಟುಕೊಂಡು, ನನ್ನನ್ನೇ ನೋಡುತ್ತಾ. ಅದನ್ನು ಅಲ್ಲಿ ಮಲಗಿಸಿದ್ದು ನಾನೇ ಇರಬೇಕು. ನೆನಪಿಲ್ಲ.

ಇವರ ನಗು ಅರ್ಧಕ್ಕೇ ನಿಂತಿತು. ನಾನು ಅಳತೊಡಗಿದ್ದೆ. ಗಾಜಿನಿಂದ ಅಷ್ಟು ಸಲ ನೋಡಿದವಳಿಗೆ ತೊಟ್ಟಿಲಲ್ಲಿರುವುದು ಕೂಸೋ ಕಂಬಳಿಯೋ ಕಾಣಲಿಲ್ಲ.

ಅತ್ತೆ ಮಾತ್ರ ನಗಲಿಲ್ಲ. ಬೈಯಲೂ ಇಲ್ಲ. "ಟೀ ಮಾಡ್ತೀನಿ" ಎಂದರು. ಸಕ್ಕರೆ ಹಾಕಲು ಮರೆತರು.

ಮಾರ್ಚ್ ೯, ಭಾನುವಾರ

ನಿನ್ನೆ ಆ ಸಕ್ಕರೆಯಿಲ್ಲದ ಟೀ ಕುಡಿಯುತ್ತಾ ಅತ್ತೆ ಹೇಳಿದ್ದನ್ನು ಮರೆಯುವ ಮೊದಲು ಬರೆದಿಡಬೇಕು.

ಪದಕ ಬಂದದ್ದು ಹೇಗೆಂದು ಟೈಲರಣ್ಣ ವಾರವಿಡೀ ಅವರ ಜೀವ ತಿನ್ನುತ್ತಿದ್ದಾರೆ. ಒಂದು ದಿನ ಬೆಂಕಿ ಆರಿಸಿದ್ದಕ್ಕೆ ಎಂದರಂತೆ, ಇನ್ನೊಂದು ದಿನ ತಿಮಿಂಗಿಲ ಓಡಿಸಿದ್ದಕ್ಕೆ. "ಮೊನ್ನೆ ಬೆಂಕಿ ಅಂದ್ರಲ್ಲಮ್ಮ?" ಎಂದು ಕೇಳಿದರೆ, "ಬೆಂಕಿ ಹತ್ತಿದ ತಿಮಿಂಗಿಲ ಕಣಯ್ಯ" ಎಂದರಂತೆ.

ನನಗೆ ನಿಜ ಹೇಳಿದರು.

"ನಿದ್ದೆ ಮಾಡಿದ್ದಕ್ಕೆ ಕೊಟ್ರು."

"ಅತ್ತೆ, ತಮಾಷೆ ಬೇಡ."

"ಆಣೆಗೂ. ದೊಡ್ಡ ಬಿರುಗಾಳಿ. ಇಂಜಿನ್ ಕೋಣೆಗೆ ನೀರು ನುಗ್ತಾ ಇತ್ತು. ಪಂಪು ಹಾಕಿದೀವಿ. ಕಾವಲು ಇಳಿದರೂ ಯಾರೂ ಮಲಗಲಿಲ್ಲ. ಎಲ್ಲರಿಗೂ ಜಂಬ, ನಾನು ಮಲಗಿದರೆ ಹಡಗು ಮುಳುಗಿಬಿಡತ್ತೆ ಅಂತ. ನಾನು ಹೋಗಿ ಮಲಗಿದೆ. ಹಾಸಿಗೆಯಿಂದ ಉರುಳಿ ಬೀಳಬಾರದು ಅಂತ ಹಗ್ಗದಲ್ಲಿ ಮೈ ಕಟ್ಟಿಕೊಂಡು ಮಲಗಿದೆ. ಎಷ್ಟು ಆಡಿಕೊಂಡ್ರು ಗೊತ್ತಾ! ಕುಂಭಕರ್ಣನ ತಂಗಿ ಅಂದ್ರು. ಮೂರನೇ ದಿನ ನನ್ನ ಸರದಿಗೆ ಕೆಳಗೆ ಇಳಿದು ಬಂದೆ. ನಮ್ಮ ಚೀಫು, ಹುಲಿ ಅಂಥ ಮನುಷ್ಯ, ವಾಲ್ವ್ ತಿರುಗಿಸ್ತಾ ಇದಾರೆ. ಸುತ್ತ ನಾಲ್ಕು ಜನ ನೋಡ್ತಾ ನಿಂತಿದಾರೆ. ತಿರುಗಿಸ್ತಾ ಇರೋದು ಉಲ್ಟಾ. ಸಮುದ್ರಾನೇ ಒಳಗೆ ಕರೀತಾ ಇದಾರೆ! ಐದು ಜೊತೆ ಕಣ್ಣು, ಎಲ್ಲ ತೆರೆದೇ ಇವೆ, ಒಬ್ಬರಿಗೂ ಕಾಣ್ತಿಲ್ಲ. ನಾನು ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ. ಅಷ್ಟೇ ನಾನು ಮಾಡಿದ್ದು."

ಖಾಲಿ ಲೋಟ ಕೆಳಗಿಟ್ಟು ಮತ್ತೆ ಹೇಳಿದರು. "ಪದಕದ ಜೊತೆ ಕೊಟ್ಟ ಕಾಗದದಲ್ಲಿ ಧೈರ್ಯ, ಕರ್ತವ್ಯನಿಷ್ಠೆ ಅಂತೆಲ್ಲ ಬರೆದಿದಾರೆ. ಸರ್ಕಾರದೋರು ನಿದ್ದೆ ಅಂತ ಹೇಗೆ ಬರೀತಾರೆ ಪಾಪ."

ಇವತ್ತು ಬೆಳಿಗ್ಗೆ ಸೋಪಿನ ಡಬ್ಬಿ ತೆರೆದರು. ಪದಕ ನಾನಂದುಕೊಂಡಷ್ಟು ದೊಡ್ಡದೇನಲ್ಲ. ಬಿಸ್ಕತ್ತಿನಷ್ಟಿದೆ, ಕಂಚಿನದು. ಮೇಲೊಂದು ಲಂಗರು, ನೀಲಿ-ಬಿಳಿ ಪಟ್ಟೆಯ ರಿಬ್ಬನ್ನು. ಅದನ್ನು ನಮ್ಮ ಮಲಗುವ ಕೋಣೆಯ ಚಿಲಕಕ್ಕೆ ತೂಗುಹಾಕಿದರು.

"ಇದು ಇಲ್ಲಿದ್ದರೆ ಒಳಗಿರೋರು ಡ್ಯೂಟಿ ಮೇಲೆ ಮಲಗಿದಾರೆ ಅಂತ ಅರ್ಥ. ಯಾರೂ ಬಾಗಿಲು ತಟ್ಟೋ ಹಾಗಿಲ್ಲ. ವರದಿ ಕೊಡು."

ಕೊಟ್ಟೆ. ನಾಲ್ಕೇ ಮಾತಿನಲ್ಲಿ.

ಮಾರ್ಚ್ ೧೦

ಮಲಗಿದೆ! ನಿನ್ನೆ ತಿಂಡಿಯಾದ ಮೇಲೆ ದಿಂಬಿಗೆ ತಲೆ ಕೊಟ್ಟವಳು ಕಣ್ಣು ಬಿಟ್ಟಾಗ ಬೀದಿಯ ದೀಪ ಹತ್ತಿತ್ತು. ಎದ್ದು ಹೊರಗೆ ಓಡಿದೆ. ಅತ್ತೆ ಕಿಟಕಿಯ ಹತ್ತಿರ ಕೂಸನ್ನು ಎತ್ತಿಕೊಂಡು ನಿಂತಿದ್ದಾರೆ. ಇವರು ಸೋಫಾದ ಮೇಲೆ ಅಪರಾಧಿಯ ಹಾಗೆ ಕೂತಿದ್ದಾರೆ.

"ಕೊಡಮ್ಮ ಅಂತ ಎಷ್ಟು ಕೇಳಿದೆ, ಕೊಡ್ತಿಲ್ಲ" ಎಂದರು ಇವರು.

"ಕೊಡು ಅಂತ ಕೇಳಿದ. 'ಕಾವಲು ನನ್ನದು' ಅಂದನಾ? ಅನ್ನಲಿಲ್ಲ" ಎಂದರು ಅತ್ತೆ. ಅವರ ಕಾಲು ಊದಿತ್ತು.

ನಾನು ನಕ್ಕೆ. ನಗುವಾಗ ದವಡೆ ಬಿಗಿದುಕೊಂಡಿತು, ಬಹಳ ದಿನ ತೆರೆಯದ ಬಾಗಿಲ ಹಾಗೆ.

ಮಾರ್ಚ್ ೧೪, ಶುಕ್ರವಾರ

ಇವತ್ತು ಜಗಳವಾಯಿತು. ಮಾಡಿದ್ದು ನಾನೇ.

ಸ್ನಾನ ಮುಗಿಸಿ ಬಂದು ನೋಡಿದರೆ ಪದಕ ಕೂಸಿನ ಬಾಯಲ್ಲಿದೆ. ಅದೀಗ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಚೀಪುವ ಕಾಲ. ಅರ್ಧ ಲಂಗರು ಒಳಗೆ, ರಿಬ್ಬನ್ನು ಗಲ್ಲದ ಮೇಲೆ, ಜೊಲ್ಲು ಮೊಣಕೈವರೆಗೆ.

"ಅತ್ತೆ! ಅದರ ಹಿಂದೆ ಪಿನ್ನು ಇದೆ!" ಎಂದು ಕೂಗಿಬಿಟ್ಟೆ. "ನಿಮಗೆ ಮಗು ಸಾಕಿ ಗೊತ್ತಿದ್ದರೆ ತಾನೆ!" ಎಂದೂ ಅಂದೆ. ಕೆಳಗೆ ಟೈಲರಣ್ಣನ ಮಿಷಿನ್ನು ಗಕ್ಕನೆ ನಿಂತದ್ದು ಕೇಳಿಸಿತು.

ಅತ್ತೆ ಪದಕವನ್ನು ಸೈರನ್ನಿನ ಬಾಯಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ತಿರುಗಿಸಿ ನೋಡಿದೆ. ಹಿಂದೆ ಪಿನ್ನು ಇರಲಿಲ್ಲ. ಬುಡಕ್ಕೇ ಕತ್ತರಿಸಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಬೆರಳಾಡಿಸಿದೆ, ಒಂದು ಚೂರೂ ತರಚಲಿಲ್ಲ. ಕುದಿಸಿದ ನೀರಿನ ಬಿಸಿ ಇನ್ನೂ ಇತ್ತು.

"ಇನ್ನು ಇದನ್ನ ನೀವು ಧರಿಸೋದು ಹೇಗೆ?" ಎಂದೆ.

"ನಾನು ಧರಿಸಿದ್ದಾಯ್ತಲ್ಲ. ಅವಳಿಗೆ ವಸಡು ಕಡೀತಾ ಇದೆ."

ಆ ಹೊತ್ತಿಗೆ ಇವರು ಬಂದರು. ಪದಕವನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ಅಮ್ಮನನ್ನು ನೋಡಿದರು. "ಮುಟ್ಟಬೇಡ" ಎಂಬ ಮಾತು ಬರಲಿಲ್ಲ. ಮೆಲ್ಲಗೆ ಅದನ್ನು ಹಿಟ್ಟು ಮೆತ್ತಿದ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು, ಎದೆಯುಬ್ಬಿಸಿ, ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಕವಾಯತು ಮಾಡಿದರು. ಅತ್ತೆ ಸೈರನ್ನಿನ ಕೈ ಹಿಡಿದು ಸಲ್ಯೂಟ್ ಹೊಡೆಸಿದರು.

ಕ್ಷಮಿಸಿ ಎಂದೆ. "ಆಪತ್ತು ಕಂಡರೆ ಕೂಗೋದೇ ಸರಿ. ಮೇಲಿನವರು ಅಂತ ನೋಡಬಾರದು" ಎಂದರು.

ಮಾರ್ಚ್ ೧೮

ಟೈಲರಣ್ಣ ರಿಬ್ಬನ್ನಿಗೆ ಗಟ್ಟಿ ಕುಣಿಕೆ ಹೊಲಿದುಕೊಟ್ಟರು, ಚಿಲಕಕ್ಕೆ ಹಾಕಲು ಸುಲಭವಾಗುವಂತೆ. ಕೂಲಿ ಬೇಡ, ತಿಮಿಂಗಿಲದ ಮುಂದಿನ ಕಥೆ ಹೇಳಿದರೆ ಸಾಕಂತೆ.

ಮಾರ್ಚ್ ೨೧

ಪರೀಕ್ಷೆಯ ಗಾಜು ಕಾಣುತ್ತಿಲ್ಲ ಎಂದು ಇವತ್ತು ಗೊತ್ತಾಯಿತು. ಹುಡುಕಿದರೆ ಅತ್ತೆಯ ಹತ್ತಿರ ಸಿಕ್ಕಿತು, ಪೇಪರ್ ಓದುತ್ತಿದ್ದರು. "ಮೂರು ದಿನದಿಂದ ನನ್ನ ಹತ್ತಿರಾನೇ ಇದೆ. ಬೇಕಿತ್ತಾ?" ಎಂದರು. ಬೇಡ, ಇಟ್ಟುಕೊಳ್ಳಿ ಎಂದೆ. ಅವರಿಗೊಂದು ಸರಿಯಾದ ಓದುವ ಕನ್ನಡಕ ಮಾಡಿಸಬೇಕು.

ಸೈರನ್ ಇವತ್ತು ತನ್ನ ಕಾಲ್ಬೆರಳನ್ನು ಕಂಡುಹಿಡಿದಳು. ಒಂದು ಗಂಟೆ ಅದರ ಜೊತೆ ಮಾತಾಡಿದಳು.

ಮಾರ್ಚ್ ೨೭, ಗುರುವಾರ

ಕನ್ನಡಕಕ್ಕೆಂದು ಅತ್ತೆಯನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ ಕಣ್ಣು ನೋಡಿದೆ. ರಕ್ತ ಕಟ್ಟಿದ ಬಿಳಿ, ಊದಿದ ರೆಪ್ಪೆ. ಇಂಥ ಕಣ್ಣು ನನಗೆ ಚೆನ್ನಾಗಿ ಪರಿಚಯ. ಮೊನ್ನೆ ಮೊನ್ನೆಯವರೆಗೂ ಕನ್ನಡಿಯಲ್ಲಿ ಕಾಣುತ್ತಿತ್ತು.

"ಅತ್ತೆ, ನಿಮ್ಮ ಕಾವಲು ಇಳಿದ ಮೇಲೆ ಮಲಗ್ತಿದೀರಾ?"

"ಹಾಂ... ಇಂಜಿನ್ ಸದ್ದಿಲ್ಲದೆ ಸರಿಯಾಗಿ ನಿದ್ದೆ ಹತ್ತಲ್ಲ."

"ವರದಿ ಸರಿಯಾಗಿ ಕೊಡಿ."

ಅತ್ತೆ ತಲೆ ತಗ್ಗಿಸಿದರು. ನನಗೇ ಒಂದು ಥರವಾಯಿತು.

"ಅವನ ಮೊದಲ ನಗು ನಾನು ಕಾಗದದಲ್ಲಿ ಓದಿದೆ ಕಣೆ. ಮೊದಲ ಹಲ್ಲೂ ಅಷ್ಟೆ, ಮೊದಲ ಹೆಜ್ಜೆನೂ ಅಷ್ಟೆ. ನಿನ್ನ ಮಾವ ಚೆನ್ನಾಗೇ ಬರೀತಿದ್ರು. ನಾನು ಅದನ್ನ ತಲೆದಿಂಬಿನ ಕೆಳಗೆ ಇಟ್ಟುಕೊಳ್ತಿದ್ದೆ. ಈಗ ಇವಳು ನಗೋ ವಯಸ್ಸು. ಮಲಗಿದರೆ ತಪ್ಪಿಹೋಗತ್ತೇನೋ ಅಂತ."

ನಿದ್ದೆಗೆ ಪದಕ ಪಡೆದವರು!

ಎದ್ದು ನಿಂತು ಅವರ ಮಡಿಲಿಂದ ಸೈರನ್ನನ್ನು ಎತ್ತಿಕೊಂಡೆ. "ಕಾವಲು ನನ್ನದು" ಎಂದೆ. ನಮ್ಮ ಬಾಗಿಲ ಪದಕವನ್ನು ಬಿಚ್ಚಿ ಅವರ ಕೋಣೆಯ ಚಿಲಕಕ್ಕೆ ಹಾಕಿದೆ. "ಜಾಗ ಖಾಲಿ ಮಾಡಿ ಅತ್ತೆ. ಸುಳಿದಾಡಬಾರದು, ಅದು ತಪ್ಪು."

"ಬಲೇ ಜೋರಾದೆ" ಎನ್ನುತ್ತಾ ಹೋದರು.

ಮಾರ್ಚ್ ೩೦, ಭಾನುವಾರ

ನಕ್ಕಳು! ನಕ್ಕಳು ನಕ್ಕಳು ನಕ್ಕಳು!

ಮಧ್ಯಾಹ್ನ ಅತ್ತೆಯ ಬಾಗಿಲಿಗೆ ಪದಕ ತೂಗುತ್ತಿತ್ತು. ಇವರೂ ಮನೆಯಲ್ಲಿದ್ದರು. ಒಳಗಿನಿಂದ ಗೊರಕೆ ಶುರುವಾಯಿತು. ಅದನ್ನು ಗೊರಕೆ ಎಂದರೆ ಸಾಲದು. ಮೊದಲು ದೂರದಲ್ಲೆಲ್ಲೋ ಗುಡುಗಿದ ಹಾಗೆ, ಆಮೇಲೆ ಯಾರೋ ಇಂಜಿನ್ ಚಾಲೂ ಮಾಡಿದ ಹಾಗೆ, ಆಮೇಲೆ ತುದಿಯಲ್ಲಿ ಒಂದು ಸಣ್ಣ ಸೀಟಿ. ನನ್ನ ತೊಡೆಯ ಮೇಲಿದ್ದ ಸೈರನ್ ಕಿವಿ ನಿಮಿರಿಸಿದಳು. ಇನ್ನೊಂದು ಗೊರಕೆ ಬಂತು. ಬಾಯಿ ಅಗಲಿಸಿದಳು. ಮೂರನೆಯದಕ್ಕೆ ಹೊಟ್ಟೆಯಿಂದ ಕಿಲಕಿಲನೆ ಎದ್ದಿತು ನಗು, ಮೈಯೆಲ್ಲ ಕುಲುಕಿಸಿಕೊಂಡು. ಪ್ರತಿ ಸೀಟಿಗೂ ನಗು. ಇವರು ನೆಲದ ಮೇಲೆ ಬಿದ್ದು ಹೊರಳಾಡಿದರು. ನಾನು ನಗುತ್ತಾ ಕಣ್ಣೀರು ಹಾಕಿದೆನೋ ಅಳುತ್ತಾ ನಕ್ಕೆನೋ.

"ಅಮ್ಮನ್ನ ಎಬ್ಬಿಸಲಾ?" ಎಂದರು ಇವರು, ಚಿಲಕದ ಹತ್ತಿರ ಹೋಗಿ. ಪದಕ ನೋಡಿದರು. ನಾನೂ ನೋಡಿದೆ. ಎಬ್ಬಿಸಿದರೆ ಗೊರಕೆ ನಿಲ್ಲುತ್ತದೆ, ಗೊರಕೆ ನಿಂತರೆ ನಗುವೂ ನಿಲ್ಲುತ್ತದೆ. ಎಬ್ಬಿಸಲಿಲ್ಲ.

ಸಂಜೆ ವರದಿ ಕೊಟ್ಟೆ. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಮೈ ತಣ್ಣಗಿದೆ. ವಿಶೇಷ... ಸುಳ್ಳು ಹೇಳಲು ಆಗಲಿಲ್ಲ. "ವಿಶೇಷ, ನಕ್ಕಳು ಅತ್ತೆ. ನಿಮ್ಮ ಗೊರಕೆಗೆ."

ಅತ್ತೆಯ ಮುಖದಲ್ಲಿ ಏನೋ ಒಂದು ಆರಿಹೋಯಿತು. ಆಮೇಲೆ ಮೆಲ್ಲಗೆ ಹತ್ತಿಕೊಂಡಿತು. "ನನ್ನ ಗೊರಕೆಗಾ? ನಿಜವಾಗ್ಲೂ?" ಎಂದು ಮೂರು ಸಲ ಕೇಳಿದರು. ಸೈರನ್ನಿನ ಮುಂದೆ ಕೂತು, ಕಣ್ಣು ಮುಚ್ಚಿ, ಸುಳ್ಳು ಗೊರಕೆ ಹೊಡೆದರು. ಅವಳು ಗಂಭೀರವಾಗಿ ನೋಡಿದಳು, ಅಷ್ಟೆ. "ನಕಲಿ ಅಂತ ಗೊತ್ತಾಗತ್ತೆ, ಕಳ್ಳಿಗೆ" ಎಂದರು.

ಏಪ್ರಿಲ್ ೧, ಮಂಗಳವಾರ

ಬೆಳಿಗ್ಗೆ ವರದಿ ಕೊಟ್ಟು ಮೆಟ್ಟಿಲಿಳಿದೆ. ಟೈಲರಣ್ಣ ಕತ್ತರಿ ಹಿಡಿದುಕೊಂಡೇ, "ಏನಮ್ಮ, ವಾಪಸ್ ಹತ್ತೋದಿಲ್ವಾ? ಏನೂ ಮರೆತಿಲ್ವಾ?" ಎಂದರು. ಮೊದಲೆಲ್ಲ ಹಾಲಿಗೆಂದು ಇಳಿದರೂ ಅರ್ಧಕ್ಕೇ ವಾಪಸ್ ಹತ್ತುತ್ತಿದ್ದೆನಲ್ಲ, ಅದಕ್ಕೇ ಇರಬೇಕು.

ಅಂಗಡಿಯಲ್ಲಿ ಮೊದಲು ಬಂದವರು ಒಬ್ಬ ಮುದುಕರು. ಮೂರನೆಯ ಗಾಜಿಗೆ "ಹಾಂ!" ಎಂದರು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ನನ್ನ ಕುರ್ಚಿಯಲ್ಲಿ ಟವೆಲ್ ಇರಲಿಲ್ಲ.

ಸಂಜೆ ಬೀದಿ ತಿರುಗುವಷ್ಟರಲ್ಲಿ ಟೈಲರಣ್ಣ ಅಂಗಡಿಯಿಂದ ಹೊರಗೇ ಬಂದು ಕೂಗಿದರು. "ಗೊತ್ತಾಯ್ತಾ? ನಿಮ್ಮ ಮಗಳು ಮಗುಚಿಕೊಂಡಳಂತೆ! ಬೆನ್ನ ಮೇಲಿದ್ದವಳು ಹೊಟ್ಟೆ ಮೇಲೆ! ಅಮ್ಮ ಕಿಟಕಿಯಿಂದ ಇಡೀ ಬೀದಿಗೆ ಸಾರಿದ್ರು!"

ಮೆಟ್ಟಿಲ ಮೇಲೆ ಸ್ವಲ್ಪ ನಿಂತೆ. ಆಮೇಲೆ ಹತ್ತಿದೆ.

ಅತ್ತೆ ಹೊಸ ಕನ್ನಡಕ ಹಾಕಿಕೊಂಡು, ಕೈ ಬೆನ್ನ ಹಿಂದೆ ಕಟ್ಟಿ, ನೆಟ್ಟಗೆ ನಿಂತಿದ್ದರು. ಸೈರನ್ ಚಾಪೆಯ ಮೇಲೆ ಅಂಗಾತ ಮಲಗಿ ಪದಕ ಚೀಪುತ್ತಿದ್ದಳು.

"ಹೊಟ್ಟೆ ತುಂಬಿದೆ. ಬಟ್ಟೆ ಈಗ ಬದಲಾಯಿಸಿದೆ. ಮೈ ತಣ್ಣಗಿದೆ" ಎಂದರು ಅತ್ತೆ.

"ವಿಶೇಷ?"

ಕನ್ನಡಕದೊಳಗಿನ ಕಣ್ಣು ನನ್ನನ್ನು ಬಿಟ್ಟು ಗೋಡೆಯ ಕಡೆ ಹೋಯಿತು. "ವಿಶೇಷ ಏನೂ ಇಲ್ಲ."

ಇಡೀ ಸರ್ವೀಸಿನಲ್ಲಿ ಒಂದೂ ಸುಳ್ಳು ವರದಿ ಕೊಡದವರು.

ಅಷ್ಟರಲ್ಲಿ ಸೈರನ್ ಪದಕ ಕೈಬಿಟ್ಟಳು. ಅದು ಉರುಳಿಕೊಂಡು ಚಾಪೆಯ ಅಂಚಿಗೆ ಹೋಯಿತು. ಅದನ್ನು ಹಿಡಿಯಲು ಒಂದು ಕಾಲೆತ್ತಿದಳು, ಸೊಂಟ ತಿರುಗಿಸಿದಳು, ಮುಲುಕಿದಳು, ಮುಖ ಕೆಂಪಾಯಿತು. ದಬಕ್ಕನೆ ಮಗುಚಿಕೊಂಡು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು.

"ಅಯ್ಯೋ! ನೋಡಿದೆಯಾ! ಮೊದಲ ಸಲ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಇಷ್ಟು ಕೆಟ್ಟ ನಟನೆಯನ್ನು ನಾನು ಎಲ್ಲೂ ನೋಡಿಲ್ಲ.

"ಮೊದಲ ಸಲ!" ಎಂದು ನಾನೂ ಕೂಗಿದೆ. ಅವರನ್ನು ಮುಂದಿನ ಬಂದರಿನಲ್ಲಿ ಇಳಿಸಲಿಲ್ಲ. "ಸರಿಯಾದ ಹೊತ್ತಿಗೆ ಬಂದೆ ಅಲ್ವಾ ಅತ್ತೆ? ಕಾವಲು ನನ್ನದು. ನೀವು ಹೋಗಿ ಮಲಗಿ."

ಪದಕದ ಜೊಲ್ಲು ಒರೆಸಿ ಅವರ ಚಿಲಕಕ್ಕೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ಗುಡುಗು ಶುರುವಾಗಿದೆ. ಸೈರನ್ ಕಿವಿ ನಿಮಿರಿಸಿದ್ದಾಳೆ. ಬರೆಯುವುದು ಸಾಕು, ಸೀಟಿ ಬರುವ ಹೊತ್ತಾಯಿತು.